ಸಾಕು ಬೆಕ್ಕು ಮನೆಯೊಳಗೇ ಇರಲಿ

ಮಾನ್ಯರೇ,

ಸಾಕಿದ ಬೆಕ್ಕುಗಳನ್ನು ಹಗಲಿರುಳೆನ್ನದೆ ಬೀದಿಗೆ ಬಿಡುವ ರೂಢಿಯನ್ನು ಬೀದರ್ ನಗರದ ನಿವಾಸಿಗಳು ಕೈಬಿಡಬೇಕು. ಜೋಳ, ತೊಗರಿಯ ಚೀಲಗಳನ್ನು ಇಲಿಗಳಿಂದ ಕಾಯಲು ಬೆಕ್ಕು ಸಾಕುವ ರೈತರ ಅಗತ್ಯ ಬೇರೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ನಗರದಲ್ಲಿ ಹೊರಗೆ ಹೋದ ಬೆಕ್ಕು ವಾಹನದ ಗಾಲಿಗೆ ಸಿಲುಕದೆ, ಬೀದಿನಾಯಿಗಳ ಬಾಯಿಗೆ ಬೀಳದೆ ಮರಳುವುದೇ ಅದೃಷ್ಟ ಎನ್ನುವಂತಾಗಿದೆ. ರೇಬಿಸ್ ನಾಯಿಯಿಂದ ಮಾತ್ರ ಹರಡುತ್ತದೆಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಸೋಂಕಿತ ನಾಯಿಯಿಂದ ಕಚ್ಚಿಸಿಕೊಂಡ ಬೆಕ್ಕು ಅದೇ ರೋಗವನ್ನು ಮನೆಯ ಮಕ್ಕಳಿಗೆ ಅಂಟಿಸಬಲ್ಲದು, ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ವಿರಳ.

ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಹೊರಗೆ ಅಲೆಯುವ ಬೆಕ್ಕುಗಳು ಅಮೆರಿಕದಲ್ಲಿ ವರ್ಷಕ್ಕೆ ನೂರು ಕೋಟಿಗೂ ಹೆಚ್ಚು ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಅಧ್ಯಯನವೊಂದು ಅಂದಾಜಿಸಿದೆ. ಅದರಲ್ಲಿ ಮಾಲೀಕರಿಲ್ಲದ ಬೆಕ್ಕುಗಳ ಪಾಲೇ ದೊಡ್ಡದು. ಸಂತಾನಹರಣ ಮಾಡಿಸದೆ ಹೊರಗೆ ಬಿಟ್ಟ ಸಾಕು ಬೆಕ್ಕುಗಳ ಮರಿಗಳೂ ಬೀದಿ ಪಾಲಾಗುತ್ತವೆಂಬುದನ್ನು ಮರೆಯಬಾರದು. ನಮ್ಮ ಬಯಲುಗಳಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವ ಟಿಟ್ಟಿಭದಂತಹ ಹಕ್ಕಿಗಳಿಗೆ ಇದರಿಂದ ಅಪಾಯ ಹೆಚ್ಚು.

ಒಳಗಿಟ್ಟರೆ ಬೆಕ್ಕು ಕೊರಗುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆಯಾದರೂ, ಕಿಟಕಿಗೆ ಜಾಲರಿ ಹಾಕಿಸಿ, ಏರಿ ಕೂರಲು ಹಲಗೆ ಇಟ್ಟು, ದಿನವೂ ಸ್ವಲ್ಪ ಹೊತ್ತು ಆಟವಾಡಿಸಿದರೆ ಅದು ಒಗ್ಗಿಕೊಳ್ಳುತ್ತದೆ.

ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮ ಬೀದರ್‌ನಲ್ಲೇ ಇದೆ. ಅದರ ನೆರವಿನೊಂದಿಗೆ ಸ್ಥಳೀಯ ಆಡಳಿತವು ಪ್ರತಿವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದಂದು ಬೆಕ್ಕುಗಳಿಗೂ ಬಡಾವಣೆವಾರು ಉಚಿತ ಲಸಿಕೆ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹೆಸರು ನೋಂದಾಯಿಸಿಕೊಳ್ಳುವ ವ್ಯವಸ್ಥೆ ಮಾಡಲಿ.

– ಓದುಗ, ಬೀದರ್