ನೆರೆ ಬಂದಾಗ ವಿದೇಶಿ ವಿದ್ಯಾರ್ಥಿಗಳ ಪಾಡೇನು?

ಮಾನ್ಯ ಸಂಪಾದಕರೇ,

ಮುಂಗಾರಿಗೆ ಮೊದಲು ನಡೆಯುವ ಪ್ರವಾಹ ಸಿದ್ಧತಾ ಸಭೆಯಲ್ಲಿ ಬೋಟು, ಕಾಳಜಿ ಕೇಂದ್ರ, ಮೇವಿನ ಲೆಕ್ಕದ ಜೊತೆಗೆ ಇನ್ನೊಂದು ಪಟ್ಟಿಯೂ ಇರಬೇಕು. ಬೆಳಗಾವಿಯಲ್ಲಿ ವೈದ್ಯಕೀಯ ಓದುವ ಮಲೇಷ್ಯಾದ ಮತ್ತಿತರ ವಿದೇಶಿ ವಿದ್ಯಾರ್ಥಿಗಳ ಪಟ್ಟಿ ಅದು. ಹೊಸದಾಗಿ ಸಮೀಕ್ಷೆ ಏನೂ ಬೇಡ. 180 ದಿನಕ್ಕಿಂತ ಹೆಚ್ಚು ಅವಧಿಯ ವೀಸಾದ ಮೇಲೆ ಬಂದವರು ಸಾಮಾನ್ಯವಾಗಿ 14 ದಿನದೊಳಗೆ ನೋಂದಣಿ ಮಾಡಿಸುವುದರಿಂದ ವಿಳಾಸ ಪೊಲೀಸರ ಬಳಿ ಇದ್ದೇ ಇರುತ್ತದೆ. ಅದನ್ನೇ ವಾರ್ಡುವಾರು ವಿಂಗಡಿಸಿ ಜಿಲ್ಲಾಡಳಿತದ 1077 ಸಹಾಯವಾಣಿಯ ನಿಯಂತ್ರಣ ಕೊಠಡಿಗೆ ಕೊಟ್ಟರಾಯಿತು.

ಜೀಪಿನ ಮೈಕಿನಲ್ಲಿ ಕನ್ನಡ, ಮರಾಠಿಯಲ್ಲಿ ಕೂಗಿದ್ದು ಇವರಿಗೆ ತಿಳಿಯದು. ಇಂಗ್ಲಿಷಿಗೆ ತಂದರೂ ‘ಇಷ್ಟು ಸಾವಿರ ಕ್ಯೂಸೆಕ್ ಬಿಡಲಾಗಿದೆ, ನದಿಪಾತ್ರದವರು ಎಚ್ಚರ’ ಎಂದರೆ ಏನು ಪ್ರಯೋಜನ? ನಮ್ಮೂರಿನ ಬಳ್ಳಾರಿ ನಾಲಾ ಉಕ್ಕಿದರೆ ಯಾವ ಓಣಿ, ಎಷ್ಟು ಗಂಟೆಯೊಳಗೆ ಬಿಡಬೇಕು, ಎಲ್ಲಿಗೆ ಹೋಗಬೇಕು, ಏನು ತರಬೇಕು: ಈ ನಾಲ್ಕೇ ಸಾಲು ಕಾಲೇಜಿನ ವಾಟ್ಸ್ಆ್ಯಪ್ ಗುಂಪಿಗೆ ಹೋಗಲಿ.

ನಿಜವಾದ ತೊಡಕು ಆಸರೆಯದು. ವಿದೇಶಿಯರನ್ನು ಇರಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ವಾಡಿಕೆಯಲ್ಲಿ ಇದಕ್ಕೆ ‘ಸಿ ಫಾರ್ಮ್’ ಎನ್ನುತ್ತಾರೆ. ಕರೆಂಟೂ ನೆಟ್ಟೂ ಇಲ್ಲದ ದಿನ ಇದನ್ನು ತುಂಬುವವರು ಯಾರು? ಕೇಸಿನ ಭಯಕ್ಕೆ ಮನೆ ಮಾಲೀಕರು ‘ನಮಗ್ಯಾಕ್ರೀ ಉಸಾಬರಿ’ ಎಂದು ಬಾಗಿಲು ಹಾಕಿದರೆ ಅವರನ್ನಷ್ಟೇ ದೂರಲಾಗದು. ಕಾಳಜಿ ಕೇಂದ್ರವಾಗಲಿರುವ ಶಾಲೆ, ಹಾಸ್ಟೆಲ್, ಕಲ್ಯಾಣ ಮಂಟಪಗಳಿಗೆ ಈ ಫಾರ್ಮ್ ತುಂಬಲು ಮೇ ತಿಂಗಳಲ್ಲೇ ಲಾಗಿನ್ ಕೊಡಿಸಬಹುದು. ಉಳಿದ ಕಡೆ ಬೀಟ್ ಪೊಲೀಸರು ಕಾಗದದ ಮೇಲೆ ಬರೆದುಕೊಂಡು ಆಮೇಲೆ ದಾಖಲಿಸಲಿ.

ಪಾಸ್‌ಪೋರ್ಟ್ ತೊಯ್ದರೆ ಬಿಸಿಲಿಗಿಡುವುದು, ಇಸ್ತ್ರಿ ಹಾಕುವುದು ಬೇಡ. ಹಾಳೆಗಳ ನಡುವೆ ಬಿಳಿ ಕಾಗದವಿಟ್ಟು, ಅದನ್ನು ಬದಲಿಸುತ್ತಾ ಫ್ಯಾನಿನ ಗಾಳಿಗೆ ಆರಿಸಬೇಕು. ಫೋಟೊ ಇರುವ ಪುಟದ ಲ್ಯಾಮಿನೇಷನ್ ಎದ್ದಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆಯಬಹುದು; ಹೊಸದನ್ನೇ ಮಾಡಿಸುವುದು ಕ್ಷೇಮ. ಕಳೆದೇ ಹೋಗಿದ್ದರೆ ಮೊದಲು ಠಾಣೆಯಲ್ಲಿ ದೂರು, ಅದರ ಪ್ರತಿಯೊಂದಿಗೆ ರಾಯಭಾರ ಕಚೇರಿಗೆ ಅರ್ಜಿ. ಹೊಸ ಪಾಸ್‌ಪೋರ್ಟ್ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ: ಭಾರತದ ವೀಸಾವನ್ನು ಅದಕ್ಕೆ ವರ್ಗಾಯಿಸಿಕೊಳ್ಳಲು ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ತಾಣವಾದ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ಬೇರೆ ಅರ್ಜಿ ಹಾಕಬೇಕು. ಇದನ್ನು ಮರೆತವರು ಊರಿಗೆ ಹೊರಟಾಗ ಸಿಕ್ಕಿಬೀಳುತ್ತಾರೆ. ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ, ಆಗಮನದ ಮೊಹರು, ನಿವಾಸ ಪರವಾನಗಿ ಇವುಗಳ ಸ್ಕ್ಯಾನ್ ಇ-ಮೇಲ್‌ನಲ್ಲೂ ಕಾಲೇಜಿನಲ್ಲೂ ಇದ್ದರೆ ಅರ್ಧ ತಾಪತ್ರಯ ತಪ್ಪುತ್ತದೆ.

ಕಾನ್ಸುಲೇಟ್‌ಗೆಂದು ಮುಂಬೈಗೆ ಹೊರಡುವವರು ದಾರಿ ವಿಚಾರಿಸಿಕೊಳ್ಳಲಿ. 2019 ಮತ್ತು 2021ರಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗಾ ನದಿ ಉಕ್ಕಿ ಹೆದ್ದಾರಿಯೇ ಬಂದ್ ಆಗಿತ್ತು. ವೀಸಾ ಅವಧಿ ಮುಗಿಯುತ್ತಾ ಬಂದಿದ್ದರೆ ರಸ್ತೆ ತೆರೆಯಲೆಂದು ಕಾಯದೆ, ಮುಗಿಯುವ ಮೊದಲೇ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು.

ಇನ್ನು ಪರಿಹಾರ. 2019ರಲ್ಲಿ ನೀರು ನುಗ್ಗಿದ ಮನೆಗೆ ತುರ್ತಾಗಿ 10,000 ರೂಪಾಯಿ ಕೊಟ್ಟರು. ರೇಷನ್ ಕಾರ್ಡ್ ಕೇಳಿದರೆ ಬಾಡಿಗೆಗಿರುವ ವಿದೇಶಿ ವಿದ್ಯಾರ್ಥಿ ಎಲ್ಲಿಂದ ತಂದಾನು? ಅವನಿಗೆ ಹಣ ಸಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಜಿಲ್ಲಾಧಿಕಾರಿ ಕಚೇರಿ ಮಳೆಗೆ ಮೊದಲೇ ಲಿಖಿತವಾಗಿ ತಿಳಿಸಲಿ.

– ಪ್ರವಾಹ ಪರಿಹಾರದ ಸ್ವಯಂಸೇವಕರು, ಬೆಳಗಾವಿ