ಈ ಕರಡನ್ನೂ ಹಿಂಪಡೆಯಬೇಡಿ: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಬೆಂಗಳೂರು, ಮೇ 2025

ಮಾನ್ಯ ಕಾರ್ಮಿಕ ಸಚಿವರಿಗೆ,

ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಟೈಲರ್ ಮಾಡುವ ನಮಸ್ಕಾರಗಳು.

ಕಳೆದ ತಿಂಗಳು ತಮ್ಮ ಇಲಾಖೆ ಹೊರಡಿಸಿದ ಕನಿಷ್ಠ ವೇತನದ ಕರಡಿನಲ್ಲಿ ಬೆಂಗಳೂರಿನ ಅಕುಶಲ ಕಾರ್ಮಿಕರಿಗೆ ತಿಂಗಳಿಗೆ 23,376 ರೂಪಾಯಿ ಎಂದಿದೆ. ಹತ್ತೊಂಬತ್ತು ವರ್ಷ ಮಿಷನ್ ತುಳಿದ ನನಗೆ ಪಿಎಫ್, ಇಎಸ್‌ಐ ಕಳೆದು ಕೈಗೆ ಸಿಗುವುದು ಹನ್ನೆರಡು ಸಾವಿರ ಚಿಲ್ಲರೆ. ಈ ಕರಡು ಆದೇಶವಾಗಬೇಕು ಎಂದು ಕೇಳುವುದಕ್ಕೇ ಈ ಪತ್ರ.

2018ರ ಫೆಬ್ರುವರಿಯಲ್ಲೂ ಕರಡು ಬಂದಿತ್ತು. ಅಂದು ಊಟದ ಡಬ್ಬಿ ಮುಂದಿಟ್ಟುಕೊಂಡು ನಾವೆಲ್ಲ ಚೀಟಿ, ಮನೆ ಬಾಡಿಗೆ, ಶಾಲೆ ಫೀಸಿನ ಲೆಕ್ಕ ಹಾಕಿದ್ದೆವು. ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಹಿಂಪಡೆಯಿತು. ಏಕೆಂದು ನಮಗೆ ಯಾರೂ ಹೇಳಲಿಲ್ಲ.

2020ರಲ್ಲಿ ಏಪ್ರಿಲ್‌ನಿಂದ ಸೇರಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ, ಅದನ್ನೂ ಸರ್ಕಾರ ಮುಂದೂಡಿತು. ಆ ಮುಂದೂಡಿಕೆಗೆ ಹೈಕೋರ್ಟ್ ತಡೆ ಕೊಟ್ಟ ಮೇಲೆ ಸಂಬಳ ಚೀಟಿ ಹಿಡಿದು, ಆ ಹಣ ಕೇಳಲು ಕಾರ್ಖಾನೆಯ ಕಚೇರಿಗೆ ಹೋದೆ. ಅಲ್ಲಿದ್ದವರು ಚೀಟಿಯನ್ನು ನೋಡಲೂ ಇಲ್ಲ. "ನಾಲ್ಕು ನೂರಕ್ಕೆ ಮಿಷನ್ ಬಿಟ್ಟು ಬಂದಿದ್ದೀಯಾ?" ಎಂದರು. ನಮ್ಮ ಮನೆಗೆ ದಿನಕ್ಕೆ ಅರ್ಧ ಲೀಟರ್ ಹಾಲು. ಆ ನಾಲ್ಕು ನೂರು ಮೂರು ವಾರದ ಹಾಲು, ಸ್ವಾಮಿ! ನಾನು ಮರಳಿ ಬರುವಷ್ಟರಲ್ಲಿ ನನ್ನ ಮುಂದೆ ಕಾಲರ್‌ಗಳು ರಾಶಿ ಬಿದ್ದಿದ್ದವು. ಅಂದಿನ ಟಾರ್ಗೆಟ್ ಮುಗಿಸದೆ ಮನೆಗೆ ಬಿಡಲಿಲ್ಲ. ಸಂಜೆ ಏಳೂವರೆಯಾಯಿತು, ಆ ಹೊತ್ತಿಗೆ ಓಟಿಯೂ ಇಲ್ಲ. ಐದು ವರ್ಷವಾದರೂ ಆ ಮಾತು ಕಿವಿಯಿಂದ ಹೋಗಿಲ್ಲ.

ಸಂಬಳ ಏರಿಸಿದರೆ ಕಾರ್ಖಾನೆಗಳು ಬೇರೆ ರಾಜ್ಯಕ್ಕೆ ಹೋಗುತ್ತವೆ, ಹೆಣ್ಣುಮಕ್ಕಳೇ ಕೆಲಸ ಕಳೆದುಕೊಳ್ಳುತ್ತಾರೆ ಎಂದು ಮಾಲೀಕರು ತಮ್ಮ ಬಳಿ ಹೇಳುತ್ತಿರಬಹುದು. ಏರಿಸದಿದ್ದಾಗ ಅವರು ಉಳಿದರೇ? ನಮ್ಮ ಕಣ್ಣೆದುರೇ ಮದ್ದೂರು, ಮಂಡ್ಯದ ಕಡೆಗೆ ಹೋದರು, ಅಲ್ಲಿ ಕೂಲಿ ಇನ್ನೂ ಕಡಿಮೆ ಎಂದು. ನಾನು ಈ ಗೇಟು ಬಿಟ್ಟು ಪಕ್ಕದ ಗೇಟಿಗೆ ಹೋದರೂ ಸಿಗುವುದು ಅದೇ ಸಂಬಳ. ಎಲ್ಲರೂ ಸರ್ಕಾರ ಹೇಳಿದಷ್ಟನ್ನೇ ಕೊಡುತ್ತಾರೆ, ಒಂದು ರೂಪಾಯಿ ಹೆಚ್ಚಿಲ್ಲ. ಹಾಗಾಗಿ ತಾವು ಬರೆದ ಅಂಕಿಯೇ ನಮ್ಮ ಬದುಕು.

ಅರ್ಥಶಾಸ್ತ್ರ ಓದುವ ನನ್ನ ಮಗಳು ಹೇಳಿದಳು: 1992ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ಕೂಲಿ ಏರಿದಾಗ ಹೋಟೆಲ್ ಕೆಲಸಗಳು ಕಡಿಮೆಯಾಗಲಿಲ್ಲವೆಂದು ಇಬ್ಬರು ಅರ್ಥಶಾಸ್ತ್ರಜ್ಞರು ತೋರಿಸಿದರಂತೆ. ಅವರಲ್ಲೊಬ್ಬರಾದ ಡೇವಿಡ್ ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಒಪ್ಪದ ಪಂಡಿತರೂ ಇದ್ದಾರಂತೆ. ಅವರ ವಾದ ಮುಗಿಯುವವರೆಗೆ ನಮ್ಮ ಬಾಡಿಗೆ ಕಾಯುವುದಿಲ್ಲ.

ಐದು ವರ್ಷಕ್ಕೊಮ್ಮೆಯಾದರೂ ವೇತನ ಪರಿಶೀಲಿಸಿ, ಬೇಕಿದ್ದರೆ ಪರಿಷ್ಕರಿಸಬೇಕೆಂದು 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಬರೆದಿದೆ, ಅದು ತಮಗೆ ಗೊತ್ತೇ ಇದೆ. ಆಕ್ಷೇಪಣೆಯ ಅವಧಿ ಮುಗಿಯಲಿ, ಮಾಲೀಕರ ಮಾತನ್ನೂ ಕೇಳಿ. ಆದರೆ ಈ ಕರಡನ್ನು ಹಿಂಪಡೆಯಬೇಡಿ, ಅಂಕಿ ಇಳಿಸಬೇಡಿ. ಅಂತಿಮ ಅಧಿಸೂಚನೆಗೆ ಸಹಿ ಹಾಕಿ.

ಇಂತಿ,
ಒಬ್ಬ ಗಾರ್ಮೆಂಟ್ಸ್ ಕಾರ್ಮಿಕಳು