ಮನೆ ನೋಡುವ ಮೊದಲು ಬೀದಿ ನೋಡು

ತುಮಕೂರು

ಚಿ. ಸೌ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ವರ್ಗವಾಗಿ ತುಮಕೂರಿಗೇ ಬರುತ್ತಿರುವುದು ಸಂತೋಷ. ಎರಡು ಮನೆ ನೋಡಿದ್ದೀಯಂತೆ. ಚಿಕ್ಕಪೇಟೆ ಕಡೆಯದು ಹಳೇದು, ಹಾಲ್ ಚಿಕ್ಕದು. ರಿಂಗ್ ರಸ್ತೆಯಾಚೆ ಹೊಸ ಲೇಔಟಿನದು ಗಾಳಿ ಬೆಳಕಿನ ಮನೆ, ಬಾಡಿಗೆಯೂ ಕಡಿಮೆ. "ಡಾಕ್ಟರು ನಡಿ ಅಂದಿದ್ದಾರೆ, ಎಲ್ಲಿದ್ದರೂ ನಡೆದರಾಯಿತು" ಎಂದು ಬರೆದಿದ್ದೀಯಲ್ಲ, ಅದೊಂದು ಮಾತು ನಾನು ಒಪ್ಪೊಲ್ಲ ಕಣಮ್ಮ.

ವಾಕಿಂಗಿಗೆಂದೇ ಶೂ ಹಾಕಿಕೊಂಡು ಹೋಗುವ ನಡಿಗೆ ಮಳೆ ಬಂದರೆ, ನೆಂಟರು ಬಂದರೆ ನಿಂತುಹೋಗುತ್ತದೆ. ಕೊತ್ತಂಬರಿ ಸೊಪ್ಪಿಗೆ, ಬಸ್ಸಿಗೆ, ಮಾತ್ರೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗುವ ನಡಿಗೆ ನಿಲ್ಲುವುದಿಲ್ಲ. ಆದರೆ ಅದು ಉಳಿಯುವುದು ನಿನ್ನ ಹಟದಿಂದಲ್ಲ, ಬೀದಿಯಿಂದ.

ಲೆಕ್ಕ ಹಾಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ವ್ಯಾಯಾಮ, ಮಾತಾಡಬಹುದು ಆದರೆ ಹಾಡಲಾಗದು ಅನ್ನುವಷ್ಟು ಚುರುಕಾಗಿ. ಒಂದೇ ಸಲಕ್ಕೆ 10 ನಿಮಿಷವಾದರೂ ಇರಬೇಕೆಂಬ ಹಳೇ ಷರತ್ತು 2020ರ ಮಾರ್ಗಸೂಚಿಯಲ್ಲಿ ಇಲ್ಲ. ಬಸ್ ಸ್ಟಾಪು 6 ನಿಮಿಷದ ದಾರಿಯಾದರೆ ಹೋಗಿಬರಲು 12, ಆರು ದಿನಕ್ಕೆ 72. ತರಕಾರಿಗೆ 8 ನಿಮಿಷ, ವಾರಕ್ಕೆ ಮೂರು ಸಲ ಹೋಗಿಬಂದರೆ 48. ಅಲ್ಲಿಗೆ 120. ಬಾಕಿ ಅರ್ಧ ಗಂಟೆ ಭಾನುವಾರ ಅಮಾನಿಕೆರೆ ಬಳಿ ತೀರುತ್ತದೆ. ಬದನೆಕಾಯಿ ಆರಿಸುತ್ತಾ ನಿಂತ ಹೊತ್ತು ಇದರಲ್ಲಿ ಸೇರೊಲ್ಲ, ನೆನಪಿರಲಿ.

ಹೊಸ ಲೇಔಟಿನಲ್ಲಿ ಈ ಲೆಕ್ಕ ಯಾಕೆ ಕೂಡೊಲ್ಲ? ಮನೆಗಿಂತ ಖಾಲಿ ಸೈಟೇ ಹೆಚ್ಚು, ಹಾಗಾಗಿ ಗಿರಾಕಿ ಸಾಲದು, ಅಂಗಡಿ ಬರದು. ಅಂಗಡಿ ಇಲ್ಲವೆಂದು ಎಲ್ಲರೂ ಸ್ಕೂಟರ್ ತೆಗೆಯುತ್ತಾರೆ. ರಸ್ತೆಯಲ್ಲಿ ಕಾಲ್ನಡಿಗೆಯವರೇ ಇಲ್ಲದಿದ್ದರೆ ಏಳು ಗಂಟೆ ಮೇಲೆ ನಾಯಿಗೂ ಕತ್ತಲೆಗೂ ಅಂಜಿ ನೀನೂ ಹೊರಡೊಲ್ಲ. ಇನ್ನೊಂದು, ಸುತ್ತು. ಟೆರೇಸಿನಿಂದ 300 ಮೀಟರಿನಲ್ಲಿ ಕಾಣುವ ಅಂಗಡಿಗೆ ಕಾಂಪೌಂಡ್ ಬಳಸಿ, ಲೇಔಟಿನ ಒಂದೇ ಬಾಗಿಲಿನಿಂದ ಹೊರಬಿದ್ದು ಹೋಗಬೇಕಾದರೆ 900 ಆದೀತು. ಅಂದರೆ 4 ನಿಮಿಷದ ದಾರಿ 11 ನಿಮಿಷ. ಪೇಟೆಯಲ್ಲಾದರೆ ಅಡ್ಡಗಲ್ಲಿ ಇದ್ದೇ ಇರುತ್ತದೆ.

ಹಾಗಂತ ಪೇಟೆ ಸ್ವರ್ಗವಲ್ಲ. ಫುಟ್‌ಪಾತ್ ಅಂದರೆ ಅಲ್ಲಿ ಚರಂಡಿ ಮೇಲಿನ ಚಪ್ಪಡಿ. ಒಂದು ಅಲ್ಲಾಡುತ್ತದೆ, ಒಂದು ಇಲ್ಲವೇ ಇಲ್ಲ, ಮುಂದಿನದರ ಮೇಲೆ ಬೈಕು. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂದರೆ ಆರಡಿ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಅದಕ್ಕಿಂತ ಎತ್ತರವಾದರೆ ಮಂಡಿನೋವಿನವರು ಹತ್ತಿ ಇಳಿಯುವ ಬದಲು ರಸ್ತೆಗೇ ಇಳಿದುಬಿಡುತ್ತಾರೆ. ನಿಮ್ಮ ಅತ್ತೆಯವರೂ ಜೊತೆಗಿರುತ್ತಾರಲ್ಲ, ಅದನ್ನೂ ನೋಡು.

ಅಡ್ವಾನ್ಸ್ ಕೊಡುವ ಮುಂಚೆ ಒಂದು ಸಂಜೆ ಆರೂವರೆಗೆ ಎರಡು ಕೇಜಿ ತೂಕದ ಚೀಲ ಹಿಡಿದು ಎರಡೂ ಮನೆ ಬಾಗಿಲಿನಿಂದ ಹಾಲು, ತರಕಾರಿ, ಬಸ್ ಸ್ಟಾಪಿಗೆ ನಡೆದು ನೋಡು. ಫೋನಿನ ಮ್ಯಾಪ್ ನಂಬಬೇಡ, ಗಡಿಯಾರ ನೋಡು. ಬಿ.ಎಚ್. ರಸ್ತೆ ದಾಟಬೇಕಾದರೆ ಎಷ್ಟು ಹೊತ್ತು ನಿಂತೆ ಎಂಬುದನ್ನೂ ಸೇರಿಸು. ಎರಡು ನಿಮಿಷ ಮೀರಿದರೆ ತಿಂಗಳೊಳಗೆ ಆ ದಾರಿ ಬಿಡುತ್ತೀಯ. ಬೀದಿದೀಪ ಯಾವ ಕಂಬದಲ್ಲಿ ಉರಿಯುತ್ತಿಲ್ಲ ಎಂದು ಆಗಲೇ ಗೊತ್ತಾಗುತ್ತದೆ. ಮಳೆ ಬಂದ ಮರುದಿನ ಇನ್ನೊಮ್ಮೆ ಹೋದರೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದೂ.

ಲೇಔಟಿನ ಮನೆಯನ್ನೇ ಹಿಡಿದರೆ ಸಂಜೆ ಒಂದು ಸ್ಟಾಪು ಮೊದಲೇ ಇಳಿದು, ಮನೆ ಸೇರುವ ಮುಂಚೆಯೇ ತರಕಾರಿ ತೆಗೆದುಕೊಂಡು ಬಾ. ಒಳಗೆ ಕಾಲಿಟ್ಟ ಮೇಲೆ ಮತ್ತೆ ಹೊರಡುವುದು ಆಗದ ಮಾತು. ಸ್ಕೂಟರ್ ಕೀಲಿ ಬಾಗಿಲ ಪಕ್ಕದ ಮೊಳೆಗೆ ತಗುಲಿಹಾಕಬೇಡ, ಒಳಗಿನ ಬೀರುವಿನಲ್ಲಿಡು.

ಚಿಕ್ಕಪೇಟೆ ಮನೆಯಾದರೆ ಹಾಲಿನಲ್ಲಿ ನಿಮ್ಮ ದೊಡ್ಡ ಸೋಫಾ ಹಿಡಿಯೊಲ್ಲ. ಅದನ್ನು ಇಲ್ಲಿಗೆ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ